ನನ್ನ ಹೊಲದಿಂದ ಗುಡ್ಡಕ್ಕೆ ಹೋದ ಬೆಂಕಿ

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಕಣ್ಣಿನ ಆಪರೇಷನ್ ಮುಗಿಯಲಿ ಅಂದೆ. ಅದು ಮುಗಿದ ಮೇಲೆ ಕಬ್ಬು ಕಾರ್ಖಾನೆಗೆ ಹೋಗಲಿ ಅಂದೆ. ಕಬ್ಬು ಹೋದ ಮೇಲೆ ಮೊಮ್ಮಗಳ ಮದುವೆ ಬಂತು. ಹೋದ ವಾರ ನನ್ನ ಹೆಂಡತಿ ರೊಟ್ಟಿ ಬಡಿಯುತ್ತಲೇ ಕೇಳಿದಳು:

"ಖರೆ ಹೇಳಾಕೂ ಪಂಚಾಂಗ ನೋಡ್ತೀರೇನ? ಮುಹೂರ್ತ ಸಿಗವಲ್ದೇನ ಇನ್ನೂ?"

ಅವತ್ತೇ ಸಂಜೆ ಪೇಟೆಗೆ ಹೋಗಿ ಒಂದು ನೋಟ್‌ಬುಕ್ ತಂದೆ.

ನಮ್ಮ ಊರು ಬೀಳಗಿ ತಾಲೂಕಿನಲ್ಲಿ, ಗುಡ್ಡದ ಬುಡಕ್ಕೆ. ಊರಿನ ಒಂದು ಮಗ್ಗುಲಿಗೆ ಕೃಷ್ಣೆಯ ನೀರು ಕುಡಿದ ಕಬ್ಬಿನ ಹೊಲಗಳು. ಇನ್ನೊಂದು ಮಗ್ಗುಲಿಗೆ ಅರಣ್ಯ ಇಲಾಖೆಯ ಕುರುಚಲು ಗುಡ್ಡ. ಹೊರಗಿನವರಿಗೆ ಅದು ಕಾಡು ಅನಿಸುವುದಿಲ್ಲ. ಎತ್ತರದ ಮರ ಒಂದೂ ಇಲ್ಲ. ಬಂದರಿಕೆ, ಕಾರೆ ಕಂಟಿ, ಬಾರಿ ಗಿಡ, ಮೊಣಕಾಲಿನವರೆಗೆ ಹುಲ್ಲು. ಆದರೆ ಬೆಳಗಿನ ಹೊತ್ತು ಸುಮ್ಮನೆ ನಿಂತರೆ ಚಿಂಕಾರ ಜಿಂಕೆಗಳು ಬಾಲ ಅಲ್ಲಾಡಿಸುತ್ತ ದಾಟಿ ಹೋಗುವುದು ಕಾಣುತ್ತದೆ. ನನ್ನ ಹೊಲ ಆ ಗುಡ್ಡಕ್ಕೆ ಹತ್ತಿದ ಕೊನೆಯ ಹೊಲ. ನಡುವೆ ಒಂದು ಬಂಡಿ ದಾರಿ, ಒಂದು ಒಣ ಹಳ್ಳ, ಅಷ್ಟೇ.

ನಾನು ಓದಿದ್ದು ಹತ್ತನೆಯ ತರಗತಿ. ನನ್ನ ವಾರಿಗೆಯವರಲ್ಲಿ ಅಷ್ಟು ಓದಿದವರು ಕಡಿಮೆ, ಹಾಗಾಗಿ ಊರವರ ಅರ್ಜಿ, ಕಾಗದ, ಮದುವೆಯ ಆಮಂತ್ರಣ ಎಲ್ಲ ನನ್ನ ಕೈಯಿಂದಲೇ ಆಗುತ್ತಿದ್ದವು. ಸಾಲಿಯಲ್ಲಿ ಒಂದು ದಿನವೂ ಕಲಿಸದವನನ್ನು ಜನ ಮಾಸ್ತರ್ ಎಂದು ಕರೆದರು. ನಾನೂ ಬೇಡ ಅನ್ನಲಿಲ್ಲ.

ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಮುಧೋಳದ ಕಡೆಯಿಂದ ಒಬ್ಬ ಕುರಿಗಾರ ಮತ್ತು ಅವನ ಹೆಂಡತಿ ಹಿಂಡಿನೊಂದಿಗೆ ನಮ್ಮ ಊರಿಗೆ ಬರುತ್ತಿದ್ದರು. ಹಗಲು ಗುಡ್ಡದ ಅಂಚಿನಲ್ಲಿ ಮೇಯಿಸಿ, ಸಂಜೆಗೆ ಯಾರ ಹೊಲದಲ್ಲಿ ಹೇಳಿದರೆ ಆ ಹೊಲದಲ್ಲಿ ಕುರಿ ತರುಬಿ ರಾತ್ರಿ ಕಳೆಯುತ್ತಿದ್ದರು. ಕುರಿ ಕೂತೆದ್ದ ಹೊಲಕ್ಕೆ ಬೇರೆ ಗೊಬ್ಬರ ಬೇಡ. ಹಾಗಾಗಿ ಅವರನ್ನು ಕರೆಯಲು ಊರಲ್ಲಿ ಪೈಪೋಟಿ. ಅವನು ಮಾತು ಕಡಿಮೆಯವ. ಅವಳದು ಮಾತು ಜಾಸ್ತಿ, ನಗು ಅದಕ್ಕಿಂತ ಜಾಸ್ತಿ. ನನ್ನನ್ನು ಅಣ್ಣಾ ಎನ್ನುತ್ತಿದ್ದಳು, ನಾನು ತಂಗೀ ಎನ್ನುತ್ತಿದ್ದೆ.

ಕಬ್ಬು ಕಡಿದ ಮೇಲೆ ಹೊಲದ ತುಂಬ ಬೀಳುವ ಒಣ ಗರಿಗೆ ನಮ್ಮಲ್ಲಿ ರವದಿ ಅನ್ನುತ್ತಾರೆ. ಕಡಿದ ಬುಡದಿಂದ ಕೂಳೆ ಕಬ್ಬು ಚಿಗುರಬೇಕಾದರೆ ರವದಿ ಸುಡಬೇಕು ಎಂಬುದು ಆಗ ಎಲ್ಲರ ನಂಬಿಕೆ. ಸುಡುವುದಕ್ಕೂ ಒಂದು ರೀತಿ ಇತ್ತು. ಅಪ್ಪ ಕಲಿಸಿದ್ದು: ಬೆಳಕು ಹರಿಯುವ ಮುಂಚೆ, ಗಾಳಿ ಏಳುವ ಮುಂಚೆ ಹಚ್ಚಬೇಕು. ಅಂಚಿಗೆ ನೀರು ಹಾಯಿಸಿಕೊಂಡೇ ಕಡ್ಡಿ ಗೀರಬೇಕು. ನೀರು ಬೇಕೆಂದರೆ ಪಂಪ್‌ಸೆಟ್ಟು ನಡೆಯಬೇಕು, ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಬೇಕು. ಅದು ನಮ್ಮಲ್ಲಿ ಪಾಳಿಯ ಮೇಲೆ ಬರುತ್ತದೆ. ಒಂದು ವಾರ ಹಗಲು, ಮುಂದಿನ ವಾರ ರಾತ್ರಿ. ಪಾಳಿ ಬದಲಾಗುವುದು ಸೋಮವಾರ.

ಅವತ್ತು ಸೋಮವಾರವಾಗಿತ್ತು. ಶಿವರಾತ್ರಿ ಕಳೆದು ನಾಲ್ಕಾರು ದಿನ. ಹಿಂದಿನ ದಿನ ಜಮಖಂಡಿಯಲ್ಲಿ ಬೀಗರ ಮದುವೆ, ಊಟ, ಬಸ್ಸಿಗೆ ಕಾದದ್ದು, ಎಲ್ಲ ಸೇರಿ ತಡವಾಗಿ ಎದ್ದೆ. ಹೊಲಕ್ಕೆ ಹೋದಾಗ ಹನ್ನೊಂದೂವರೆ. ಅಕ್ಕಪಕ್ಕದವರೆಲ್ಲ ರವದಿ ಸುಟ್ಟು ನೀರು ಬಿಟ್ಟುಬಿಟ್ಟಿದ್ದಾರೆ, ನನ್ನದೊಂದೇ ಉಳಿದಿದೆ ಎಂಬ ಉರಿ ತಲೆಯಲ್ಲಿತ್ತು. ಹೋದ ವಾರ ಹನ್ನೆರಡಕ್ಕೆ ಕರೆಂಟು ಬರುತ್ತಿತ್ತು. ಇವತ್ತೂ ಬರುತ್ತದೆ ಎಂದುಕೊಂಡೆ. ವಾರ ಬದಲಾದದ್ದು ನೆನಪಿಗೇ ಬರಲಿಲ್ಲ.

ಕಡ್ಡಿ ಪೆಟ್ಟಿಗೆ ಕೈಯಲ್ಲಿ ಹಿಡಿದಿದ್ದೆ. ಆಗ ಕುರಿಗಾರನ ಹೆಂಡತಿ ಕೊಡ ಬಗಲಲ್ಲಿಟ್ಟುಕೊಂಡು ದಾರಿ ದಾಟಿ ಬಂದಳು.

"ಅಣ್ಣಾ, ನೀರ್ ಬಿಡ್ತೀರೇನ್ರಿ? ಮರಿಗೋಳಿಗೆ ಕುಡಸಬೇಕಾಗಿತ್ತು."

"ಹನ್ನೆರಡಕ್ಕ ಕರೆಂಟ್ ಬರತೈತಿ ತಂಗೀ, ಆಗ ಬಾ."

"ಹನ್ನೆರಡಕ್ಕ?" ಅವಳು ನಿಂತಳು. "ಈ ವಾರ ರಾತ್ರಿ ಪಾಳಿ ಐತಲ್ರಿ. ಆ ಕಡೆ ಹೊಲದಾಗ ಅನ್ನಾಕತ್ತಿದ್ರು."

ನಾನು ನಕ್ಕೆ. ನಕ್ಕು ಆಡಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಕುರಿ ಎಣಿಸಾಕ ಬರತೈತೇನ್ ನಿನಗ ಮೊದಲು? ಕರೆಂಟಿನ ಪಾಳಿ ಎಣಿಸಾಕ ಬಂದೀ!"

ಅವಳ ಮುಖದ ಮೇಲೆ ಯಾವಾಗಲೂ ಇರುತ್ತಿದ್ದ ನಗು ಹೋಯಿತು. ಹೋಗುತ್ತ ಹೋಗುತ್ತ ಸೆರಗು ಸರಿಮಾಡಿಕೊಂಡು ಗುಡ್ಡದ ಕಡೆ ನೋಡಿ, "ಗಾಳಿನೂ ಏಳಾಕತ್ತೈತ್ರಿ" ಅಂದಳು, ಅಷ್ಟೇ. ಅವಳು ಹಳ್ಳ ದಾಟುವ ಮೊದಲೇ, ಅವಳು ನೋಡುತ್ತಿರುವಾಗಲೇ ನಾನು ಕಡ್ಡಿ ಗೀರಿದೆ. ರವದಿ ಚೆನ್ನಾಗಿ ಹತ್ತಿಕೊಳ್ಳುವಷ್ಟರಲ್ಲಿ ನೀರು ಅಂಚಿಗೆ ಬಂದಿರುತ್ತದೆ ಎಂಬ ಧೈರ್ಯ.

ಹನ್ನೆರಡಾಯಿತು. ಸ್ಟಾರ್ಟರ್ ಒತ್ತಿದೆ. ಸದ್ದಿಲ್ಲ. ಬೋರ್ಡಿನ ಮೇಲಿನ ಮೂರು ದೀಪಗಳಲ್ಲಿ ಒಂದೇ ಹತ್ತಿತ್ತು, ತ್ರೀ ಫೇಸ್ ಬಂದಿರಲಿಲ್ಲ. ಮತ್ತೆ ಒತ್ತಿದೆ, ಬೈದೆ, ಬಡಿದೆ. ಹಿಂದಿನಿಂದ ಬೆನ್ನಿಗೆ ಬಿಸಿ ಬಡಿಯಿತು. ತಿರುಗಿ ನೋಡಿದರೆ ಹೊಲದ ನಡುವಿನ ಬೆಂಕಿ ಎದ್ದು ನಿಂತಿತ್ತು. ಸುಳಿಗಾಳಿ ಒಂದು ಹಿಡಿ ಉರಿಯುವ ಗರಿಗಳನ್ನು ಎತ್ತಿ ಬಂಡಿ ದಾರಿಯ ಮೇಲೆ, ಹಳ್ಳದ ಮೇಲೆ ಹಾಯಿಸಿ ಆಚೆಯ ಹುಲ್ಲಿಗೆ ಒಗೆಯಿತು. ಟವೆಲ್ಲು ಬಿಚ್ಚಿ ಬಡಿಯುತ್ತ ಓಡಿದೆ. ನಾನು ಹಳ್ಳ ಇಳಿದು ಹತ್ತುವಷ್ಟರಲ್ಲಿ ಬೆಂಕಿ ನನಗಿಂತ ಎತ್ತರಕ್ಕೆ ಏರಿಬಿಟ್ಟಿತ್ತು.

ಊರಿನವರು ಹೊಗೆ ನೋಡಿ ಬಂದರು. ಬೇವಿನ ಟೊಂಗೆ ಮುರಿದುಕೊಂಡು, ಔಷಧ ಹೊಡೆಯುವ ಪಂಪಿಗೆ ನೀರು ತುಂಬಿ ಬೆನ್ನಿಗೆ ಹಾಕಿಕೊಂಡು, ಟ್ರ್ಯಾಕ್ಟರಿಗೆ ಟ್ಯಾಂಕರ್ ಕಟ್ಟಿಕೊಂಡು ಬಂದರು. ಅಗ್ನಿಶಾಮಕದ ಗಾಡಿಯೂ ಬಂತು. ಆದರೆ ಹಳ್ಳದ ಈಚೆಗೇ ನಿಲ್ಲಬೇಕಾಯಿತು. ಅದರ ಪೈಪಿನ ನೀರು ಗುಡ್ಡದ ಪಾದ ತೋಯಿಸಿತು, ಬೆಂಕಿ ಸೊಂಟ ದಾಟಿತ್ತು. ನಾವೆಲ್ಲ ತಿಳಿವಳಿಕೆ ಇಲ್ಲದೆ ಬೆಂಕಿಯ ಮುಂದೆ ಏರಿನಲ್ಲಿ ನಿಂತು ಬಡಿಯುತ್ತಿದ್ದೆವು. ಆಗ ಮೇಲಿನಿಂದ ಕುರಿಗಾರನ ದನಿ ಕೇಳಿತು. ಅಷ್ಟು ಜೋರಾಗಿ ಅವನು ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

"ಮುಂದ ನಿಂದರಬ್ಯಾಡ್ರೋ! ಸುಟ್ಟ ಸಾಯ್ತೀರಿ! ಬೆಂಕಿ ಏರು ಹತ್ತೋ ಮುಂದ ಓಡತೈತಿ, ಇಳಿಯೋ ಮುಂದ ತೆವಳತೈತಿ. ನೆತ್ತಿ ದಾಟಿ ಆ ಕಡೆ ಬರ್ರಿ, ಇಳಿಯೋ ಮುಂದ ಹಿಡಿಯೂಣು!"

ಕುರಿಗಳನ್ನು ಆಗಲೇ ಬರಿ ಕಲ್ಲಿನ ಬಯಲಿಗೆ ಹೊಡೆದು ಬಂದಿದ್ದ. ಸುತ್ತು ಹಾಕಿ ಅವನ ಹಿಂದೆ ಹೋದೆವು. ನೆತ್ತಿಯ ಆಚೆ ಗುದ್ದಲಿಯಿಂದ ಹುಲ್ಲು ಕೆತ್ತಿ ಒಂದು ಮಾರು ಅಗಲದ ಗೆರೆ ತೆಗೆಸಿದ. ಅವನ ಹೆಂಡತಿ ಆಚೆಯ ರಸ್ತೆಯಿಂದ ಸುತ್ತಿ ಬಂದ ಟ್ಯಾಂಕರಿನ ನೀರಿನಲ್ಲಿ ಕಂಬಳಿ ಅದ್ದಿ ಅದ್ದಿ ಕೊಡುತ್ತಿದ್ದಳು. ಕಂಬಳಿಯ ಉಣ್ಣೆ ಹತ್ತಿಬಟ್ಟೆಯ ಹಾಗೆ ಭಗ್ಗನೆ ಹತ್ತಿಕೊಳ್ಳುವುದಿಲ್ಲ; ಒದ್ದೆ ಕಂಬಳಿಯ ಒಂದು ಹೊಡೆತಕ್ಕೆ ಒಂದು ಮಾರು ಬೆಂಕಿ ಮಲಗುತ್ತಿತ್ತು. ಅವಳು ತನ್ನ ಹೊಸ ಕಂಬಳಿಯನ್ನೂ ಕೊಟ್ಟಳು. ಹೊತ್ತು ಮುಳುಗುವ ಹೊತ್ತಿಗೆ ಬೆಂಕಿ ನಿಂತಿತು, ಕಂಬಳಿ ಜರಡಿಯಾಗಿತ್ತು. ಅವರಿಬ್ಬರು ಇಲ್ಲದಿದ್ದರೆ ಗುಡ್ಡದ ಆಚೆಯ ಹಟ್ಟಿಗಳು ಉಳಿಯುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಅರಣ್ಯದ ಗಾರ್ಡ್ ಬಂದರು. ಈ ಕಡೆಗೆ ಹೊಸಬರು. ನನ್ನ ಹೊಲವೂ ಸುಟ್ಟಿತ್ತು, ಬದುವಿನಲ್ಲಿ ಸುತ್ತಿಟ್ಟಿದ್ದ ಡ್ರಿಪ್ಪಿನ ಪೈಪುಗಳು ಕರಗಿ ಮುದ್ದೆಯಾಗಿದ್ದವು. ಅದನ್ನು ಕಂಡವರೆಲ್ಲ ಬೆಂಕಿ ಗುಡ್ಡದಿಂದ ಇಳಿದು ಬಂದಿದೆ ಎಂದುಕೊಂಡರು. "ಪಾಪ, ಮಾಸ್ತರರ ಪೈಪ್ ಎಲ್ಲಾ ಹೋದೂವಲ್ರಿ" ಎಂದು ನನಗೇ ಸಮಾಧಾನ ಹೇಳಿದರು. ಯಾರೋ ಒಬ್ಬರು, ಕುರಿಯವರು ಹೊಸ ಹುಲ್ಲಿಗಾಗಿ ಹಳೆ ಹುಲ್ಲು ಸುಡುತ್ತಾರೆ ಅಂದರು. ಆ ಮಾತು ಗುಂಪಿನಲ್ಲಿ ಒಂದು ಸುತ್ತು ಹಾಕಿತು.

ಗಾರ್ಡ್ ನನ್ನ ಕಡೆ ತಿರುಗಿದರು. "ಮಾಸ್ತರ್ರ, ನೀವು ಹೊಲದಾಗ ಇದ್ರಂತಲ್ಲ. ಏನ್ ನೋಡಿದ್ರಿ? ನೀವ ಬರದ ಕೊಡ್ರಿ, ನಿಮ್ಮ ಅಕ್ಷರ ಛಲೋ ಐತಂತ."

ಕುರಿಗಾರನ ಹೆಂಡತಿ ನನ್ನ ಎದುರಿಗೇ, ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಕೈಯ ಮೇಲೆ ಬೊಬ್ಬೆ ಎದ್ದು ಎಣ್ಣೆ ಹಚ್ಚಿಕೊಂಡಿದ್ದಳು. ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ನಾನು ಹೇಳುತ್ತೇನೆ ಎಂದು ಕಾಯುತ್ತಿದ್ದಳು.

ನಾನು ಬರೆದೆ: "ಬೆಂಕಿ ಎದ್ದಾಗ ಗುಡ್ಡದ ಮೇಲೆ ಕುರಿಗಾರರು ಇದ್ದರು."

ಸುಳ್ಳಲ್ಲ. ಒಂದೊಂದು ಅಕ್ಷರವೂ ನಿಜ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ನನ್ನ ಆಯುಷ್ಯದಲ್ಲಿ ಬರೆದಿಲ್ಲ. ಸಹಿ ಹಾಕಿ ತಲೆ ಎತ್ತಿದಾಗ ಅವಳು ಅಲ್ಲಿರಲಿಲ್ಲ.

ಕೇಸು ಗೀಸು ಆಗಲಿಲ್ಲ. ಆದರೆ ಊರ ಹಿರಿಯರು ಕೂತು, ಇನ್ನು ಮೇಲೆ ಈ ಕುರಿಗಾರನನ್ನು ಯಾರೂ ಹೊಲಕ್ಕೆ ಕರೆಯಕೂಡದು, ಗುಡ್ಡದ ಅಂಚಿಗೆ ಬಿಡಕೂಡದು ಎಂದು ತೀರ್ಮಾನ ಮಾಡಿದರು. ಆ ಕೂಟದಲ್ಲಿ ನಾನೂ ಇದ್ದೆ. ಮಾತು ಊರಿಂದೂರಿಗೆ ಹೋಯಿತು, ಗಲಗಲಿಯ ಕಡೆಯವರೂ ಅವನನ್ನು ಕರೆಯುವುದು ಬಿಟ್ಟರು. ಗುಡ್ಡಕ್ಕೆ ಬೆಂಕಿ ಇಟ್ಟವನು ಎಂಬ ಹೆಸರು ಅಂಟಿದ ಮೇಲೆ ಯಾರು ಕರೆಯುತ್ತಾರೆ? ಮುಂದಿನ ವರ್ಷ ಹಿಂಡಿನಲ್ಲಿ ಅರ್ಧದಷ್ಟು ಮಾರಿದನೆಂದೂ, ಉಳಿದ ಕುರಿಗೆ ಅವನೊಬ್ಬನೇ ಸಾಕೆಂದು ಹೆಂಡತಿ ಬನಹಟ್ಟಿಯಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಪವರ್‌ಲೂಮ್ ಶೆಡ್ಡಿನಲ್ಲಿ ಕೆಲಸಕ್ಕೆ ಹೋಗುತ್ತಾಳೆಂದೂ ಕೇಳಿದೆ.

ಒಮ್ಮೆ ಅಲ್ಲಿಗೆ ಹೋದೆ. ಸೀರೆ ತರುವ ನೆಪ ಮಾಡಿ ಬಸ್ಸು ಹತ್ತಿದ್ದೆ, ನಿಜವಾಗಿ ಹೋದದ್ದು ಅವಳನ್ನು ನೋಡಲಿಕ್ಕೆ. ಶೆಡ್ಡಿನ ಬಾಗಿಲಲ್ಲಿ ನಿಂತೆ. ಮಗ್ಗಗಳ ಸದ್ದಿಗೆ ಎದೆ ನಡುಗುತ್ತಿತ್ತು. ಮೂಲೆಯಲ್ಲಿ ಅವಳು ಕಂಡಿಕೆ ಸುತ್ತುತ್ತ ಕೂತಿದ್ದಳು. ಲಾಳಿಗೆ ಹಾಕುವ ನೂಲಿನ ಸಣ್ಣ ಕಂಡಿಕೆ, ಬುಟ್ಟಿಗಟ್ಟಲೆ. ದಿನವೆಲ್ಲ ಬಯಲಿನಲ್ಲಿ ನಡೆದಾಡಿದವಳು ಟ್ಯೂಬ್‌ಲೈಟಿನ ಕೆಳಗೆ ಮಂಡಿ ಮಡಚಿ ಕೂತಿದ್ದಳು. ತಲೆ ಎತ್ತಿ ಬಾಗಿಲ ಕಡೆ ನೋಡಿದಳು. ಹೊರಗಿನ ಬಿಸಿಲಿಗೆ ನನ್ನ ಮುಖ ಕಂಡಿತೋ ಇಲ್ಲವೋ. ಇಷ್ಟು ಸದ್ದಿನಲ್ಲಿ ಏನು ಹೇಳಿದರೂ ಕೇಳುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ತಿರುಗಿ ಬಂದೆ. ಸೀರೆ ಮಾತ್ರ ತಂದೆ.

ಗುಡ್ಡ ನನ್ನ ಹಾಗಿರಲಿಲ್ಲ. ಒಂದು ಮಳೆಗೇ ಬುಡದಿಂದ ಚಿಗುರಿತು. ಎರಡನೆಯ ವರ್ಷ ಹುಲ್ಲು ಮೊದಲಿನಷ್ಟೇ ಎದ್ದಿತು. ಅದನ್ನು ನೋಡಿದಾಗಲೆಲ್ಲ ನನಗೆ ಸಮಾಧಾನವೂ ಆಗುತ್ತಿತ್ತು, ನಾಚಿಕೆಯೂ ಆಗುತ್ತಿತ್ತು.

ಮೂರನೆಯ ಬೇಸಿಗೆಯಲ್ಲಿ ಮತ್ತೆ ಬೆಂಕಿ ಬಿತ್ತು. ಈ ಸಲ ಗುಡ್ಡದ ಆಚೆ ರಸ್ತೆಯ ಬದಿಯಿಂದ. ಯಾರ ಬೀಡಿಯೋ ಗೊತ್ತಾಗಲಿಲ್ಲ. ಊರು ಓಡಿತು, ನಾನೂ ಓಡಿದೆ. ಹತ್ತುವ ಶಕ್ತಿ ಕಡಿಮೆಯಾಗಿತ್ತು, ಪಂಪಿಗೆ ನೀರು ತುಂಬಿ ಕೊಡುತ್ತಿದ್ದೆ. ಗಾರ್ಡ್ ಮತ್ತು ಅವರ ಕಡೆಯವರು ಗಾಳಿ ಊದುವ ಯಂತ್ರ ಹೊತ್ತು ತಂದು ಒಣ ಎಲೆ ಹಾರಿಸಿ ದಾರಿ ಮಾಡುತ್ತಿದ್ದರು. ಆದರೂ ಬೆಂಕಿ ಎರಡು ಕವಲಾಗಿ ಒಡೆದು ಒಂದು ಕವಲು ನಮ್ಮ ಊರಿನ ಕಡೆ ತಿರುಗಿತು. ಆಗ ಪಕ್ಕದ ಊರಿನ ಬಯಲಿನಿಂದ ನಾಲ್ಕೈದು ಜನ ಒದ್ದೆ ಕಂಬಳಿ ಹೆಗಲಿಗೆ ಹಾಕಿಕೊಂಡು ಓಡಿ ಬಂದರು. ಮುಂದೆ ಇದ್ದವನು ಅವನೇ.

ಯಾರೂ ಕರೆದಿರಲಿಲ್ಲ. ಬರಕೂಡದು ಅಂದಿದ್ದ ಗುಡ್ಡ ಅದು. ಅವನು ಯಾರ ಮುಖವನ್ನೂ ನೋಡದೆ ನೆತ್ತಿಯ ಕಡೆ ಕೈ ತೋರಿಸಿದ. ಈ ಸಲ ಯಾರಿಗೂ ಕೂಗಿ ಹೇಳಬೇಕಾಗಲಿಲ್ಲ, ಊರೆಲ್ಲ ಅವನ ಹಿಂದೆ ನಡೆಯಿತು. ನಾಲ್ಕು ಗಂಟೆಯ ಹೊತ್ತಿಗೆ ಬೆಂಕಿ ಆರಿತು.

ಎಲ್ಲರೂ ಹಳ್ಳದ ಬಳಿ ಬಂದು ಕೂತರು. ಮುಖಗಳೆಲ್ಲ ಕಪ್ಪು, ಯಾರು ಯಾರೆಂದು ಗುರುತು ಸಿಗುತ್ತಿರಲಿಲ್ಲ. ಹಿರಿಯರೊಬ್ಬರು ಅವನಿಗೆ ನೀರಿನ ತಂಬಿಗೆ ಕೊಟ್ಟು, "ಅಲ್ಲೋ ತಮ್ಮಾ, ಅವತ್ತ ಬೆಂಕಿ ಹಚ್ಚಿದಾಂವ ಇವತ್ತ ಆರಸಾಕ ಬಂದೀಯಲ್ಲೋ" ಅಂದರು. ತಮಾಷೆಗೆ ಅಂದದ್ದು, ಪ್ರೀತಿಯಿಂದಲೇ ಅಂದದ್ದು. ಅವನು ನೀರು ಕುಡಿದು ತಂಬಿಗೆ ಕೆಳಗಿಟ್ಟ.

"ಅವ ಹಚ್ಚಿಲ್ಲ," ಅಂದೆ. "ನಾ ಹಚ್ಚೇನಿ."

ಯಾರಿಗೂ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ರವದಿ, ಪಾಳಿ, ಗಾಳಿ, ಬರೆದುಕೊಟ್ಟ ಕಾಗದ, ಎಲ್ಲ ಹೇಳಿದೆ. ತಂಬಿಗೆ ಕೊಟ್ಟ ಹಿರಿಯರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಹತ್ತನೇತ್ತಾ ಪಾಸಾಗಿ ಐವತ್ತ ವರ್ಷ ಆತು," ಅಂದರು, "ಪರೀಕ್ಷಾ ಇವತ್ತ ಬರದ್ಯೇನ್ಲೇ?"

ಯಾರೋ ನಕ್ಕರು. ಯಾರೋ ಉಗುಳಿದರು. ಎರಡೂ ನನಗೆ ಸಲ್ಲಬೇಕಾದದ್ದೇ. ಗಾರ್ಡಿಗೆ ಅಲ್ಲೇ ಹೊಸ ಕಾಗದ ಬರೆದುಕೊಟ್ಟೆ. ಆಮೇಲೆ ಕುರಿಗಾರನ ಎರಡೂ ಕೈ ಹಿಡಿದು, "ತಪ್ಪಾತಪ್ಪಾ, ನನ್ನಿಂದ ಬಾಳ ದೊಡ್ಡ ತಪ್ಪಾತು" ಅಂದೆ. ಅವನ ಅಂಗೈ ಇನ್ನೂ ಬಿಸಿಯಿತ್ತು. ಅವನು ಕೈ ಬಿಡಿಸಿಕೊಳ್ಳಲಿಲ್ಲ.

"ನನಗ ಅವತ್ತ ಗೊತ್ತಿತ್ರಿ," ಅಂದ. "ಸಂಜೀಕ ಅಕಿ ಹೇಳಿದ್ಳು. ನಾ ಎದ್ದೆ, ಗಾರ್ಡ್ ಸಾಹೇಬ್ರ ಕಡೆ ಹೋಗಾಕ. ಅಕೀನ ಬ್ಯಾಡ ಅಂದ್ಳು. ಮಾಸ್ತರ್ರು ತಾವ ಹೇಳ್ತಾರ, ನಾವ್ಯಾಕ ಅವರ ಮರ್ಯಾದಿ ಕಳೀಬೇಕು ಅಂದ್ಳು. ಮರದಿನ ನೀವು ಹಂಗ ಬರದ ಮ್ಯಾಲೂ, ಅಂಜಿಕ್ಯಾಗ ಬರದಾರ, ಹೇಳ್ತಾರ ಹೇಳ್ತಾರ ಅಂತ ಎಂಟ ದಿನ ಹಾದಿ ನೋಡಿದ್ಳು."

ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

ಆ ವಾರವೇ ಹಿರಿಯರು ಮುಧೋಳದ ಕಡೆ ಹೋಗಿ ಅವನ ಮನೆಯ ಕಟ್ಟೆಯ ಮೇಲೆ ಕೂತು ಕರೆದು ಬಂದರು. ಈಗ ಅವನು ಬರುತ್ತಾನೆ. ಬರುತ್ತಾನೆ ಅಷ್ಟೇ ಅಲ್ಲ, ಬೇಸಿಗೆ ಬಂತೆಂದರೆ ಗುಡ್ಡದ ಬೆಂಕಿ ಕಾಯುವವರಲ್ಲಿ ಅವನೇ ಮೊದಲಿಗ. ಸಂಕ್ರಾಂತಿ ಕಳೆದ ಕೂಡಲೇ ಮನೆಗೊಬ್ಬರಂತೆ ಗುದ್ದಲಿ ಹಿಡಿದು ಗುಡ್ಡದ ಬುಡಕ್ಕೆ ಬೆಂಕಿಗೆರೆ ತೆಗೆಯುತ್ತೇವೆ. ಅದರ ಉಸ್ತುವಾರಿ ನನಗೆ ಹಾಕಿದ ದಂಡ. ದಂಡವೆಂದು ನನಗೆ ಅನಿಸುವುದೇ ಇಲ್ಲ. ಗುಡ್ಡದಂಚಿನ ಹೊಲಗಳಲ್ಲಿ ಈಗ ಯಾರೂ ರವದಿ ಸುಡುವುದಿಲ್ಲ. ಟ್ರ್ಯಾಕ್ಟರಿಗೆ ಕಟ್ಟುವ ಯಂತ್ರದಿಂದ ಪುಡಿ ಮಾಡಿ ಸಾಲಿನಲ್ಲೇ ಬಿಡುತ್ತೇವೆ. ಮೊದಲ ವರ್ಷ ನನ್ನ ಹೊಲ ನೋಡಿ "ಮಾಸ್ತರರ ಹೊಲ ಹಜಾಮತಿ ಮಾಡಿಸದ ತಲಿ ಆಗೇತಿ" ಎಂದು ನಕ್ಕವರು, ಎರಡು ನೀರು ಕಡಿಮೆ ಬೇಕಾದದ್ದು ನೋಡಿ ಮರುವರ್ಷ ತಾವೂ ಯಂತ್ರ ಕರೆಸಿದರು. ಹೋದ ತಿಂಗಳು ಬೆಂಕಿಗೆರೆ ತೆಗೆಯುವಾಗ ತಾಯಿ ಚಿಂಕಾರವೊಂದು ಮರಿಯೊಂದಿಗೆ ನಮ್ಮ ಗೆರೆಯ ಮೇಲೆಯೇ ನಡೆದು ಹೋಯಿತು, ತನಗಾಗಿಯೇ ಮಾಡಿಸಿದ ರಸ್ತೆ ಎನ್ನುವ ಹಾಗೆ.

ಇಷ್ಟೆಲ್ಲ ಒಳ್ಳೆಯದಾದ ಮೇಲೆ ಇನ್ನೇನು ಉಳಿಯಿತು ಎಂದು ಕೇಳಬಹುದು. ಕುರಿಗಾರ ಮೊನ್ನೆ ನನ್ನ ಹೊಲದಲ್ಲಿ ಕುರಿ ತರುಬಿ, ಚಹಾ ಕುಡಿಯುತ್ತ ಅದನ್ನೇ ಬೇರೆ ರೀತಿ ಕೇಳಿದ. ಹಿಂಡು ಮತ್ತೆ ಮೊದಲಿನಷ್ಟಾಗಿದೆಯಂತೆ, ಯುಗಾದಿ ಕಳೆದ ಮೇಲೆ ಹೆಂಡತಿಯೂ ಶೆಡ್ಡಿನ ಕೆಲಸ ಬಿಟ್ಟು ಬರುತ್ತಾಳಂತೆ.

"ಬಂದ ಮೇಲೆ ತಪ್ಪಾತು ಅಂತ ಹೇಳ್ತೇನಪ್ಪಾ ಅಕೀಗೆ," ಅಂದೆ.

"ಅಕಿ ಬಂದ ಮ್ಯಾಲೆ?" ಅವನು ಕಪ್ಪು ಕೆಳಗಿಟ್ಟ. "ಅಲ್ರೀ ಮಾಸ್ತರ್ರ, ಈಗೂ ಅಕೀನ ನಿಮ್ಮ ಹೊಲಕ್ಕ ಬರಬೇಕೇನ್ರಿ?"

ಅವನು ಜಗಳಕ್ಕೆ ಅಂದದ್ದಲ್ಲ. ಇದ್ದದ್ದನ್ನು ಅಂದ. ಅದಕ್ಕೇ ತಂದಿಟ್ಟಿದ್ದ ನೋಟ್‌ಬುಕ್ ತೆರೆದದ್ದು. ಏನು ಹೇಳಬೇಕೋ ಅದನ್ನು ಮೊದಲು ಇಲ್ಲಿ ಪೂರಾ ಬರೆದರೆ, ಅವಳ ಎದುರಿಗೆ ನಿಂತಾಗ ಅರ್ಧ ನುಂಗಲು ಆಗುವುದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಹೊರಟರೆ ಜಮಖಂಡಿಯಲ್ಲಿ ಬದಲಿಸಿ ಹತ್ತು ಗಂಟೆಗೆ ಬನಹಟ್ಟಿ. ಮಗ್ಗ ನಿಲ್ಲಿಸಿ ಊಟಕ್ಕೆ ಬಿಡುವವರೆಗೆ ಹೊರಗೆ ಕಾಯುತ್ತೇನೆ.

ಗುಡ್ಡ ಸುಟ್ಟದ್ದಕ್ಕೆ ಊರಿನ ಮುಂದೆ ತಲೆ ಬಾಗಿಸಿದೆ. ಹೆಸರು ಕೆಡಿಸಿದ್ದಕ್ಕೆ ಅವನ ಕೈ ಹಿಡಿದೆ. ಸರಿಯಾದದ್ದನ್ನು ಹೇಳಿ ನನ್ನಿಂದ ನಗೆಗೀಡಾದವಳ, ನನ್ನ ಮರ್ಯಾದೆಯನ್ನು ನನಗಿಂತ ಹೆಚ್ಚು ದಿನ ಕಾಯ್ದವಳ ಮುಂದೆ ಮಾತ್ರ ಒಂದು ಮಾತೂ ಆಡಿಲ್ಲ. ನಾನು ಕ್ಷಮೆ ಕೇಳದೆ ಉಳಿದಿರುವುದು ಅವಳೊಬ್ಬಳನ್ನೇ: ಆ ಕುರಿಗಾರನ ಹೆಂಡತಿ, ನನ್ನ ತಂಗಿ.